ಕುರ್ಚಿ ಖಾಲಿ ಇತ್ತಾ? ಮಿಸಿಸಿಪ್ಪಿಯ ಮೂರು ಚುನಾವಣೆಗಳು, 1837–38

1837ರ ಜೂನ್ ತಿಂಗಳಲ್ಲಿ ಮಿಸಿಸಿಪ್ಪಿ ರಾಜ್ಯದ ಗವರ್ನರ್ ಚಾರ್ಲ್ಸ್ ಲಿಂಚ್ ಒಂದು ಚುನಾವಣಾ ಆದೇಶ ಹೊರಡಿಸಿದರು. ಜುಲೈ ತಿಂಗಳ ಮೂರನೇ ಸೋಮವಾರ ಮತ್ತು ಮಾರನೇ ದಿನ ಮತದಾನ. ಅಮೆರಿಕದ ಪ್ರತಿನಿಧಿ ಸಭೆಗೆ ರಾಜ್ಯದಿಂದ ಇಬ್ಬರನ್ನು ಆರಿಸಬೇಕು. ಇಷ್ಟು ಬರೆದು ಸುಮ್ಮನಾಗಿದ್ದರೆ ಜಗಳ ಇಷ್ಟು ಬೆಳೆಯುತ್ತಿರಲಿಲ್ಲವೇನೋ. ಆದರೆ ಲಿಂಚ್ ಕೊನೆಯಲ್ಲಿ ಇನ್ನೊಂದು ಮಾತು ಸೇರಿಸಿದರು. ಈಗ ಗೆಲ್ಲುವವರು ನವೆಂಬರ್‌ನ ಮಾಮೂಲಿ ಚುನಾವಣೆಯಲ್ಲಿ ಗೆದ್ದವರು ಬರುವ ತನಕ ಮಾತ್ರ ಆ ಜಾಗದಲ್ಲಿ ಇರತಕ್ಕದ್ದು ಎಂದು.

ಓದಿದರೆ ತಪ್ಪೇನೂ ಕಾಣುವುದಿಲ್ಲ, ಅಲ್ವಾ? ಮನೆಯವರು ಬರೋ ತನಕ ಅಂಗಡಿ ನೋಡಿಕೋ ಅಂದ ಹಾಗಿದೆ. ಆದರೆ ಆ ಒಂದು ಸಾಲಿನ ಸುತ್ತ ವಾಷಿಂಗ್ಟನ್‌ನಲ್ಲಿ ವಾರಗಟ್ಟಲೆ ವಾದ ನಡೆಯಿತು. ಒಂಬತ್ತು ತಿಂಗಳಲ್ಲಿ ಮಿಸಿಸಿಪ್ಪಿಯ ಜನ ಅದೇ ಎರಡು ಕುರ್ಚಿಗೆ ಮೂರು ಸಲ ಮತ ಹಾಕಿದರು. ಸಭೆಯೂ ಒಂದು ಸಲ ಹೌದು ಅಂದು, ಆಮೇಲೆ ಅಲ್ಲ ಅಂತು.

ಮೊದಲು ಕುರ್ಚಿ ಯಾಕೆ ಖಾಲಿಯಾಯಿತು ಅನ್ನುವುದನ್ನು ನೋಡೋಣ. ಯಾರೂ ಸತ್ತಿರಲಿಲ್ಲ. ಯಾರೂ ರಾಜೀನಾಮೆ ಕೊಟ್ಟಿರಲಿಲ್ಲ. ಎಲ್ಲದಕ್ಕೂ ಕಾರಣ ಆ ಕಾಲದ ಕ್ಯಾಲೆಂಡರ್. ಅಮೆರಿಕದ ಕಾಂಗ್ರೆಸ್ಸಿನ (ಪಕ್ಷವಲ್ಲ, ಅಲ್ಲಿನ ಸಂಸತ್ತು) ಒಂದು ಅವಧಿ ಎರಡು ವರ್ಷ. ಆಗ ಅದು ಮಾರ್ಚ್ 3ಕ್ಕೆ ಮುಗಿದು ಮಾರ್ಚ್ 4ಕ್ಕೆ ಹೊಸದು ಶುರುವಾಗುತ್ತಿತ್ತು. ಆದರೆ ಹೊಸ ಸಭೆ ಮಾಮೂಲಿಯಾಗಿ ಸೇರುತ್ತಿದ್ದದ್ದು ಡಿಸೆಂಬರ್‌ನ ಮೊದಲ ಸೋಮವಾರ. ನಡುವೆ ಒಂಬತ್ತು ತಿಂಗಳು ಸದಸ್ಯರಿಗೆ ಕೆಲಸವೇ ಇಲ್ಲ. ಚುನಾವಣೆ ಯಾವಾಗ ಅನ್ನುವುದನ್ನು ಆಯಾ ರಾಜ್ಯದ ಕಾನೂನೇ ಹೇಳುತ್ತಿತ್ತು. ಇಡೀ ದೇಶಕ್ಕೆ ಒಂದೇ ದಿನ ಅಂತ ಕಾಂಗ್ರೆಸ್ ಗೊತ್ತುಮಾಡಿದ್ದು 1872ರ ಕಾನೂನಿನಲ್ಲಿ. ಹಾಗಾಗಿ ಎಷ್ಟೋ ರಾಜ್ಯಗಳು ಅವಧಿ ಶುರುವಾದ ಮೇಲೆ ನಿಧಾನವಾಗಿ ಚುನಾವಣೆ ಮಾಡುತ್ತಿದ್ದವು. ಮಿಸಿಸಿಪ್ಪಿ ಇಟ್ಟುಕೊಂಡಿದ್ದು ನವೆಂಬರ್. ಗೆದ್ದವರು ಡಿಸೆಂಬರ್ ಹೊತ್ತಿಗೆ ವಾಷಿಂಗ್ಟನ್ ಸೇರಿದರೆ ಸಾಕು. ಮಾರ್ಚ್‌ನಿಂದ ನವೆಂಬರ್ ತನಕ ರಾಜ್ಯಕ್ಕೆ ಪ್ರತಿನಿಧಿಗಳೇ ಇಲ್ಲ. ಯಾರಿಗೂ ಅದು ತೊಂದರೆ ಅನ್ನಿಸಿರಲಿಲ್ಲ.

1837ರಲ್ಲಿ ತೊಂದರೆಯಾಯಿತು. ಮೇ 10ರಂದು ನ್ಯೂಯಾರ್ಕಿನ ಬ್ಯಾಂಕುಗಳು ನೋಟಿಗೆ ಬದಲು ಚಿನ್ನ ಬೆಳ್ಳಿ ಕೊಡುವುದನ್ನು ನಿಲ್ಲಿಸಿದವು. ಬೇರೆ ಊರುಗಳ ಬ್ಯಾಂಕುಗಳೂ ಅದೇ ದಾರಿ ಹಿಡಿದವು. ಮಿಸಿಸಿಪ್ಪಿಗಂತೂ ಏಟು ಜೋರಾಗಿ ಬಿತ್ತು. ಮೂಲನಿವಾಸಿಗಳಾದ ಚೊಕ್ಟಾ ಮತ್ತು ಚಿಕಸಾ ಜನರಿಂದ 1830 ಮತ್ತು 1832ರ ಒಪ್ಪಂದಗಳಲ್ಲಿ ಕಿತ್ತುಕೊಂಡ ಭೂಮಿಯನ್ನು ಸಾಲ ಮಾಡಿ ಕೊಂಡು ಹತ್ತಿ ಬೆಳೆಯುತ್ತಿದ್ದವರು ಅಲ್ಲಿ ಎಲ್ಲೆಲ್ಲೂ ಇದ್ದರು. ಹತ್ತಿಯ ಬೆಲೆ ಬಿತ್ತು, ಸಾಲ ಉಳಿಯಿತು. ಅಧ್ಯಕ್ಷ ಮಾರ್ಟಿನ್ ವ್ಯಾನ್ ಬ್ಯೂರೆನ್ ಅಧಿಕಾರಕ್ಕೆ ಬಂದು ಇನ್ನೂ ಮೂರು ತಿಂಗಳೂ ಆಗಿರಲಿಲ್ಲ. ಡಿಸೆಂಬರ್ ತನಕ ಕಾಯಲಾಗದೆ ಮೇ 15ರಂದು ಅವರು ಕಾಂಗ್ರೆಸ್ಸಿನ ವಿಶೇಷ ಅಧಿವೇಶನ ಕರೆದರು. ದಿನ ಸೆಪ್ಟೆಂಬರ್ 4.

ಮಿಸಿಸಿಪ್ಪಿಯ ಚುನಾವಣೆ ನವೆಂಬರ್‌ಗೆ, ಅಧಿವೇಶನ ಸೆಪ್ಟೆಂಬರ್‌ಗೆ. ದೇಶದ ದುಡ್ಡಿನ ವ್ಯವಹಾರ ಚರ್ಚೆಯಾಗುವಾಗ ಹೆಚ್ಚು ಪೆಟ್ಟು ತಿಂದ ರಾಜ್ಯಗಳಲ್ಲೊಂದರ ಎರಡು ಕುರ್ಚಿ ಖಾಲಿ. ಗವರ್ನರ್ ಕೈಕಟ್ಟಿ ಕೂರುವ ಹಾಗಿರಲಿಲ್ಲ.

ಅವರ ಕೈಲಿದ್ದ ಹತ್ಯಾರ ಸಂವಿಧಾನದ ಒಂದೇ ವಾಕ್ಯ. ಮೊದಲ ವಿಧಿಯ ಎರಡನೇ ಭಾಗದಲ್ಲಿ ಅದಿದೆ. ಯಾವುದೇ ರಾಜ್ಯದ ಪ್ರಾತಿನಿಧ್ಯದಲ್ಲಿ ಖಾಲಿ ಜಾಗಗಳು ಉಂಟಾದಾಗ ಆ ರಾಜ್ಯದ ಕಾರ್ಯಾಂಗವು ಚುನಾವಣೆಗೆ ಆದೇಶ ಹೊರಡಿಸಬೇಕು ಅನ್ನುತ್ತದೆ. ಮೇಲ್ನೋಟಕ್ಕೆ ಸರಳ. ಇದರ ಪ್ರಕಾರ ಅಷ್ಟು ಹೊತ್ತಿಗೆ ಎಷ್ಟೋ ಉಪಚುನಾವಣೆಗಳು ಆಗಿದ್ದವು. ವರ್ಜೀನಿಯಾದ ಥಿಯೊಡೊರಿಕ್ ಬ್ಲಾಂಡ್ 1790ರ ಜೂನ್ 1ರಂದು ತೀರಿಕೊಂಡರು. ಪ್ರತಿನಿಧಿ ಸಭೆಯಲ್ಲಿ ಅಧಿಕಾರದಲ್ಲಿರುವಾಗಲೇ ಸತ್ತ ಮೊದಲ ಸದಸ್ಯ ಅವರು. ಅವರ ಜಾಗಕ್ಕೆ ವಿಲಿಯಂ ಬ್ರಾಂಚ್ ಗೈಲ್ಸ್ ಗೆದ್ದು ಬಂದರು, ಯಾರೂ ತಕರಾರು ಮಾಡಲಿಲ್ಲ. 1804ರಲ್ಲಿ ಪೆನ್ಸಿಲ್ವೇನಿಯಾದ ವಿಲಿಯಂ ಹೋಗ್ ರಾಜೀನಾಮೆ ಕೊಟ್ಟಾಗ ಅವರ ಸಹೋದರ ಜಾನ್ ಹೋಗ್ ಗೆದ್ದರು. ಚುನಾವಣೆಯ ದಿನವನ್ನು ಗವರ್ನರ್ ಗೊತ್ತುಮಾಡಬಹುದಾ, ಶಾಸನಸಭೆಯೇ ಮಾಡಬೇಕಾ ಅಂತ ಆಗ ಪ್ರಶ್ನೆ ಎದ್ದಿತು. ಸಭೆ ಜಾನ್ ಹೋಗ್‌ರನ್ನು ಒಳಗೆ ಕೂರಿಸಿಕೊಂಡಿತು.

ಇವೆಲ್ಲ ಸಾವು, ರಾಜೀನಾಮೆ. ಕುರ್ಚಿಯಲ್ಲಿ ಒಬ್ಬರಿದ್ದರು, ಎದ್ದು ಹೋದರು. ಆದರೆ ಮಿಸಿಸಿಪ್ಪಿಯ ಕುರ್ಚಿಯಲ್ಲಿ ಆ ಅವಧಿಗೆ ಯಾರೂ ಕೂತೇ ಇರಲಿಲ್ಲ. ಹಳೆಯ ಅವಧಿ ಮುಗಿದಿದೆ, ಹೊಸಬರನ್ನು ಇನ್ನೂ ಆರಿಸಿಲ್ಲ. ಇದು ಖಾಲಿ ಜಾಗ "ಉಂಟಾದ" ಹಾಗಾ? ಮದುವೆಯಾಗದವನನ್ನು ವಿಧುರ ಅನ್ನುವುದಕ್ಕಾಗುತ್ತಾ? ಇಂಥದೇ ಪ್ರಶ್ನೆ 1825ರಲ್ಲಿ ಸೆನೆಟ್ (ಕಾಂಗ್ರೆಸ್ಸಿನ ಮೇಲ್ಮನೆ) ಎದುರು ಬಂದಿತ್ತು. ಕನೆಕ್ಟಿಕಟ್‌ನ ಜೇಮ್ಸ್ ಲ್ಯಾನ್‌ಮನ್ ಅವರ ಅವಧಿ ಮುಗಿದಿತ್ತು, ಹೊಸ ಸೆನೆಟರ್ ಆಯ್ಕೆ ಆಗಿರಲಿಲ್ಲ, ಗವರ್ನರ್ ಅವರನ್ನೇ ಮತ್ತೆ ನೇಮಿಸಿದರು. ಸೆನೆಟ್ 23–18ರಿಂದ ಅವರನ್ನು ವಾಪಸ್ ಕಳಿಸಿತು. ಸೆನೆಟ್‌ನ ನಿಯಮ ಬೇರೆ, ಅಲ್ಲಿ ನೇಮಕ, ಇಲ್ಲಿ ಚುನಾವಣೆ. ಆದರೂ ಲಿಂಚ್ ಹೆಜ್ಜೆ ಇಟ್ಟ ನೆಲ ಗಟ್ಟಿಯಲ್ಲ ಅನ್ನುವುದಕ್ಕೆ ಅದು ಸೂಚನೆ.

ಈಗ ಅವರ ಆದೇಶದ ಕೊನೆಯ ಸಾಲನ್ನು ಮತ್ತೆ ನೋಡಿ. ಅದರೊಳಗೇ ಒಂದು ಜಗ್ಗಾಟವಿದೆ. ಚುನಾವಣೆ ಕರೆಯಬೇಕಾದರೆ "ಕುರ್ಚಿ ಖಾಲಿ ಇದೆ" ಅನ್ನಬೇಕು. ಖಾಲಿ ಕುರ್ಚಿಗೆ ಜನ ಒಬ್ಬರನ್ನು ಆರಿಸಿದರೆ ಅವರು ಅವಧಿ ಮುಗಿಯುವ ತನಕ, ಅಂದರೆ 1839ರ ಮಾರ್ಚ್ 3ರ ತನಕ, ಅಲ್ಲೇ ಇರುತ್ತಾರೆ. ಬ್ಲಾಂಡ್ ಜಾಗಕ್ಕೆ ಬಂದ ಗೈಲ್ಸ್‌ಗೆ ಯಾರೂ ಇಂಥ ತಿಂಗಳಿಗೆ ಎದ್ದು ಹೋಗಿ ಅನ್ನಲಿಲ್ಲ. ಆದರೆ ರಾಜ್ಯದ ಕಾನೂನು ನವೆಂಬರ್‌ನಲ್ಲಿ ಚುನಾವಣೆ ಆಗಲೇಬೇಕು ಅನ್ನುತ್ತದೆ. ಗವರ್ನರ್ ಅದನ್ನು ರದ್ದು ಮಾಡುವಂತಿಲ್ಲ. ಹಾಗಾಗಿ ಲಿಂಚ್ ಮಧ್ಯದ ದಾರಿ ಹಿಡಿದು ತಾತ್ಕಾಲಿಕ ಪ್ರತಿನಿಧಿ ಅನ್ನುವ ಹೊಸ ಹುದ್ದೆಯನ್ನೇ ಕಟ್ಟಿಬಿಟ್ಟರು. ಅಂಥ ಹುದ್ದೆ ಸಂವಿಧಾನದಲ್ಲಿ ಎಲ್ಲೂ ಇಲ್ಲ. ಇಡೀ ಪ್ರಕರಣದಲ್ಲಿ ನನಗೆ ಜಾಸ್ತಿ ಪ್ರಾಮಾಣಿಕವಾಗಿ ಕಾಣುವುದು ಅವರ ಆ ಸಾಲೇ. ಕಾನೂನಿನ ಆಧಾರ ಎಲ್ಲಕ್ಕಿಂತ ಕಡಿಮೆ ಇದ್ದದ್ದೂ ಆ ಸಾಲಿಗೇ.

ಜುಲೈ 17 ಮತ್ತು 18ರಂದು ಮತದಾನವಾಯಿತು. ಜನ ಅಂದರೆ ಯಾರು ಅನ್ನುವುದನ್ನೂ ಇಲ್ಲೇ ಹೇಳಿಬಿಡಬೇಕು. ಮತ ಇದ್ದದ್ದು ಬಿಳಿಯ ಗಂಡಸರಿಗೆ ಮಾತ್ರ. 1830ರ ಜನಗಣತಿಯಲ್ಲಿ ರಾಜ್ಯದ 1,36,621 ಜನರಲ್ಲಿ 65,659 ಮಂದಿ ಗುಲಾಮರು. 1840ರ ಹೊತ್ತಿಗೆ ಅವರು ಅರ್ಧಕ್ಕಿಂತ ಜಾಸ್ತಿಯಾಗಿದ್ದರು. ಕ್ಷೇತ್ರಗಳ ವಿಂಗಡಣೆ ಇರಲಿಲ್ಲ, ಇಡೀ ರಾಜ್ಯವೇ ಇಬ್ಬರನ್ನು ಆರಿಸುತ್ತಿತ್ತು. ಗೆದ್ದವರು ಇಬ್ಬರೂ ಡೆಮಾಕ್ರಟರು, ಅಧ್ಯಕ್ಷರ ಪಕ್ಷದವರು. ಒಬ್ಬರು ಜಾನ್ ಕ್ಲೇಬೋರ್ನ್, ಇನ್ನೊಬ್ಬರು ಸ್ಯಾಮ್ಯುಯೆಲ್ ಗೋಲ್ಸನ್. ಹಿಂದಿನ ಕಾಂಗ್ರೆಸ್ಸಿನಲ್ಲೂ ಇವರೇ ಇದ್ದರು. ಗೋಲ್ಸನ್ ಅಂತೂ ಮೊದಲು ಒಳಗೆ ಬಂದದ್ದೇ ಉಪಚುನಾವಣೆಯಿಂದ. 1836ರ ಜುಲೈನಲ್ಲಿ ಡೇವಿಡ್ ಡಿಕ್ಸನ್ ತೀರಿಕೊಂಡಾಗ ಆ ಜಾಗಕ್ಕೆ ಗೆದ್ದಿದ್ದರು.

ಸೆಪ್ಟೆಂಬರ್ 4ರಂದು ಸಭೆ ಸೇರಿತು. ಒಟ್ಟು 242 ಸ್ಥಾನಗಳ ಸಭೆಯಲ್ಲಿ ಡೆಮಾಕ್ರಟರ ಮೇಲುಗೈ ತೆಳುವಾಗಿತ್ತು. ಟೆನೆಸಿಯ ಜೇಮ್ಸ್ ಪೋಲ್ಕ್ 116–103ರಿಂದ ಸ್ಪೀಕರ್ ಆದರು. ಸರ್ಕಾರದ ದುಡ್ಡನ್ನು ಬ್ಯಾಂಕುಗಳಲ್ಲಿಡದೆ ಸರ್ಕಾರವೇ ಇಟ್ಟುಕೊಳ್ಳಬೇಕು ಅನ್ನುವ ವ್ಯಾನ್ ಬ್ಯೂರೆನ್ ಅವರ ಮಸೂದೆ ಸೆನೆಟ್ ದಾಟಿ ಬಂದು ಇಲ್ಲಿ 120–107ರಲ್ಲಿ ಮೂಲೆಗೆ ಬಿತ್ತು. ಇಂಥ ಸಭೆಯಲ್ಲಿ ಎರಡು ಕುರ್ಚಿ ಸಣ್ಣ ಮಾತಲ್ಲ.

ಕ್ಲೇಬೋರ್ನ್ ಮತ್ತು ಗೋಲ್ಸನ್ ಎಷ್ಟು ದಿನದ ಸದಸ್ಯರು ಅನ್ನುವುದನ್ನು ಸಭೆಯ ಚುನಾವಣಾ ಸಮಿತಿ ನೋಡಿತು. ಅವಧಿ ಮುಗಿದು ಖಾಲಿಯಾದ ಜಾಗವೂ ಖಾಲಿ ಜಾಗವೇ, ಗವರ್ನರ್ ಆದೇಶ ಸರಿ ಅಂತು ಸಮಿತಿ. ಖಾಲಿ ಜಾಗ ತುಂಬಿದ ಮೇಲೆ ಅದು ಪೂರ್ತಿ ತುಂಬಿದ ಹಾಗೆ, ನವೆಂಬರ್ ತನಕ ಮಾತ್ರ ಅನ್ನುವುದಕ್ಕೆ ಗವರ್ನರ್‌ಗೆ ಅಧಿಕಾರವಿಲ್ಲ, ಆ ಸಾಲನ್ನು ಬರೆದೇ ಇಲ್ಲ ಅಂದುಕೊಳ್ಳಿ ಅಂತಲೂ ಸೇರಿಸಿತು. ಅಕ್ಟೋಬರ್ 3ರಂದು ಸಭೆ ಇದನ್ನು ಒಪ್ಪಿತು. ಇಬ್ಬರೂ ಇಡೀ 25ನೇ ಕಾಂಗ್ರೆಸ್ಸಿಗೆ, ಅಂದರೆ ಆ ಎರಡು ವರ್ಷದ ಪೂರ್ತಿ ಅವಧಿಗೆ, ಆಯ್ಕೆಯಾದ ಸದಸ್ಯರು ಎಂದು ತೀರ್ಮಾನವಾಯಿತು.

ತರ್ಕ ಕೆಟ್ಟದ್ದೇನಲ್ಲ. ಆದರೆ ಜುಲೈನಲ್ಲಿ ಮತಗಟ್ಟೆಗೆ ಹೋದವನ ಜಾಗದಲ್ಲಿ ನಿಂತು ನೋಡಿ. ಆದೇಶದಲ್ಲಿ ನಾಲ್ಕು ತಿಂಗಳು ಅಂತ ಇತ್ತು. ಬೆಳೆಯ ಕಾಲ, ದೂರದ ಮತಗಟ್ಟೆ, ನವೆಂಬರ್‌ನಲ್ಲಿ ಹೇಗೂ ಇನ್ನೊಂದು ಚುನಾವಣೆ ಇದೆಯಲ್ಲ ಅಂತ ಮನೆಯಲ್ಲೇ ಉಳಿದವನಿಗೆ ಅಕ್ಟೋಬರ್‌ನಲ್ಲಿ ಯಾರೋ ಹೇಳುತ್ತಾರೆ: ಅದು ನಾಲ್ಕು ತಿಂಗಳದ್ದಲ್ಲ, ಎರಡು ವರ್ಷದ್ದು.

ನವೆಂಬರ್ ಬಂತು. ರಾಜ್ಯದ ಕಾನೂನು ಇದ್ದ ಹಾಗೇ ಇತ್ತು, ಆದ್ದರಿಂದ ಚುನಾವಣೆಯೂ ಆಯಿತು. ಕ್ಲೇಬೋರ್ನ್, ಗೋಲ್ಸನ್ ಕಣಕ್ಕಿಳಿಯಲಿಲ್ಲ. ಸಭೆಯೇ ಕುರ್ಚಿ ಕೊಟ್ಟಿರುವಾಗ ಮತ್ತೆ ಓಟು ಕೇಳಿದರೆ ತಮ್ಮ ಹಕ್ಕನ್ನು ತಾವೇ ಅನುಮಾನಿಸಿದ ಹಾಗಾಗುತ್ತಿತ್ತು. ಎದುರು ಪಕ್ಷವಾದ ವಿಗ್‌ನ ಇಬ್ಬರು ಗೆದ್ದರು. ಒಬ್ಬರು ಥಾಮಸ್ ವರ್ಡ್. ಇನ್ನೊಬ್ಬರು ವಿಕ್ಸ್‌ಬರ್ಗ್‌ನ ವಕೀಲ ಸಾರ್ಜೆಂಟ್ ಸ್ಮಿತ್ ಪ್ರೆಂಟಿಸ್.

ಪ್ರೆಂಟಿಸ್ ಮಿಸಿಸಿಪ್ಪಿಯವರಲ್ಲ. ದೇಶದ ಇನ್ನೊಂದು ತುದಿಯ ಮೇನ್ ರಾಜ್ಯದ ಪೋರ್ಟ್‌ಲ್ಯಾಂಡ್‌ನವರು. ಬೌಡಿನ್ ಕಾಲೇಜಿನಲ್ಲಿ ಓದಿ, ಹತ್ತೊಂಬತ್ತರ ಆಸುಪಾಸಿನಲ್ಲಿ ದಕ್ಷಿಣಕ್ಕೆ ಬಂದು, ಶ್ರೀಮಂತರ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳಿ, ಆಮೇಲೆ ವಕೀಲರಾದವರು. ಚಿಕ್ಕಂದಿನ ಕಾಯಿಲೆಯಿಂದ ಕಾಲು ಕುಂಟು, ಕೈಯಲ್ಲಿ ಯಾವಾಗಲೂ ಕೋಲು. ಆದರೆ ಬಾಯಿ ಬಿಟ್ಟರೆ ಜನ ಅಲ್ಲಾಡುತ್ತಿರಲಿಲ್ಲ. ಆಗ ವಯಸ್ಸು 29.

ಡಿಸೆಂಬರ್ ಕೊನೆಗೆ ಪ್ರೆಂಟಿಸ್ ಮತ್ತು ವರ್ಡ್ ತಮ್ಮ ಆಯ್ಕೆ ಪತ್ರ ಹಿಡಿದು ವಾಷಿಂಗ್ಟನ್‌ನಲ್ಲಿ ಹಾಜರಾದರು. ಒಳಗೆ ನೋಡಿದರೆ ಅವರ ಕುರ್ಚಿಯಲ್ಲಿ ಬೇರೆಯವರು. ಹಕ್ಕು ಕೇಳಿ ಬಂದವರಿಗೆ ಸಭೆಯಲ್ಲಿ ಮಾತಾಡಲು ಅವಕಾಶವಿತ್ತು. 1838ರ ಜನವರಿಯಲ್ಲಿ ಪ್ರೆಂಟಿಸ್ ಎದ್ದು ನಿಂತರು, ಮೂರು ದಿನ ಮಾತಾಡಿದರು.

ಆ ಹಾಲ್ ಈಗಲೂ ಕ್ಯಾಪಿಟಲ್ ಕಟ್ಟಡದಲ್ಲಿದೆ, ಸುತ್ತ ಪ್ರತಿಮೆಗಳನ್ನು ನಿಲ್ಲಿಸಿದ್ದಾರೆ. ಅರ್ಧ ವರ್ತುಲದ ಆಕಾರ, ಮೇಲೆ ಬಾಗಿದ ಛಾವಣಿ. ಪ್ರತಿಧ್ವನಿಗೆ ಕುಖ್ಯಾತ. ಒಂದು ಮೂಲೆಯ ಪಿಸುಮಾತು ಇನ್ನೊಂದು ಮೂಲೆಯಲ್ಲಿ ಕೇಳುತ್ತದೆ, ನಡುವೆ ನಿಂತು ಕೂಗಿದ್ದು ಪಕ್ಕದವನಿಗೆ ಗಲಿಬಿಲಿ. ಅಂಥ ಜಾಗದಲ್ಲಿ ಕೋಲು ಊರಿಕೊಂಡು ಒಬ್ಬ ಅಪರಿಚಿತ ಯುವಕ ಮೂರು ದಿನ ಜನರನ್ನು ಹಿಡಿದಿಟ್ಟ. ಗ್ಯಾಲರಿಗಳು ತುಂಬಿದ್ದವು. ಅದಾದ ಮೇಲೆ ದೇಶದ ಎಲ್ಲ ಕಡೆ ಅವರ ಹೆಸರು ಗೊತ್ತಾಯಿತು.

ಆ ಭಾಷಣದ ಕೊನೆ ಹೆಸರುವಾಸಿ. ಮಿಸಿಸಿಪ್ಪಿಯ ಈ ಹಕ್ಕನ್ನು ಕಿತ್ತುಕೊಳ್ಳುವುದಾದರೆ ರಾಷ್ಟ್ರಧ್ವಜದಿಂದ ಅವಳ ನಕ್ಷತ್ರವನ್ನು ಅಳಿಸಿಬಿಡಿ, ಆದರೆ ಪಟ್ಟೆಯನ್ನು ಉಳಿಸಿ, ಅವಳಿಗಾದ ಅವಮಾನಕ್ಕೆ ಅದೇ ಗುರುತು ಅಂದರು. ಕನ್ನಡದಲ್ಲಿ ಇದರ ಕುಟುಕು ಇಳಿಯುವುದಿಲ್ಲ. ಇಂಗ್ಲಿಷಿನಲ್ಲಿ ಬಾವುಟದ ಪಟ್ಟೆಗೂ ಚಾಟಿಯೇಟಿನ ಬಾಸುಂಡೆಗೂ ಒಂದೇ ಪದ, ಸ್ಟ್ರೈಪ್. ಸಭೆ ಒಂದು ರಾಜ್ಯದ ಬೆನ್ನಿಗೆ ಚಾಟಿ ಬೀಸುತ್ತಿದೆ ಅನ್ನುವ ಚಿತ್ರ. ನಿಜವಾಗಿ ಚಾಟಿಯೇಟು ತಿನ್ನುತ್ತಿದ್ದ ಬೆನ್ನುಗಳು ಆ ರಾಜ್ಯದಲ್ಲಿ ಲಕ್ಷಕ್ಕೂ ಹೆಚ್ಚಿದ್ದವು. ಅವರಿಗೆ ಜುಲೈ, ನವೆಂಬರ್ ಎರಡೂ ಒಂದೇ. ಈ ಮಾತನ್ನು ಓದಿದಾಗಲೆಲ್ಲ ನನಗೆ ಅಲ್ಲಿ ಕಾಲು ಎಡವುತ್ತದೆ.

ಜನವರಿ 31ರಂದು ಸಭೆ ತನ್ನ ಅಕ್ಟೋಬರ್ ತೀರ್ಮಾನವನ್ನು ರದ್ದು ಮಾಡಿತು. ಆಳುವ ಪಕ್ಷದ ಕಡೆಯ ಕೆಲವರು ಜೊತೆ ಬಿಡದೆ ಇದು ಆಗುವ ಹಾಗಿರಲಿಲ್ಲ. ಕ್ಲೇಬೋರ್ನ್, ಗೋಲ್ಸನ್ 25ನೇ ಕಾಂಗ್ರೆಸ್ಸಿಗೆ ಆಯ್ಕೆಯಾದವರಲ್ಲ ಅಂತಾಯಿತು. ಹಾಗಾದರೆ ನವೆಂಬರ್‌ನಲ್ಲಿ ಗೆದ್ದವರು ಒಳಗೆ ಬರಬೇಕು, ಅಲ್ವಾ? ಆ ಪ್ರಶ್ನೆಗೆ ಮತ ಹಾಕಿದರೆ ಎರಡೂ ಕಡೆ ಸಮ ಸಮ. ಸ್ಪೀಕರ್ ಪೋಲ್ಕ್ ತಮ್ಮ ನಿರ್ಣಾಯಕ ಮತವನ್ನು ಪ್ರೆಂಟಿಸ್ ಮತ್ತು ವರ್ಡ್ ವಿರುದ್ಧ ಹಾಕಿದರು. ಫೆಬ್ರವರಿ 5ಕ್ಕೆ ನಾಲ್ವರೂ ಹೊರಗೆ, ಎರಡೂ ಕುರ್ಚಿ ಖಾಲಿ. ವಿಷಯ ಮತ್ತೆ ಜನರ ಬಳಿಗೆ ಹೋಯಿತು.

ಪೋಲ್ಕ್ ಪಕ್ಷ ನೋಡಿ ಮತ ಹಾಕಿದರು ಅನ್ನುವುದು ಸುಲಭ, ಬಹುಶಃ ನಿಜ ಕೂಡ. ವಿಗ್‌ಗಳಿಗೆ ಎರಡು ಮತ ಸಿಗುವುದಕ್ಕಿಂತ ಖಾಲಿ ಕುರ್ಚಿಯೇ ಅವರಿಗೆ ವಾಸಿ. ಆದರೆ ಆ ಕಡೆಯ ವಾದದಲ್ಲೂ ಹುರುಳಿದೆ. ಕುರ್ಚಿ ತುಂಬಿದೆ ಅಂತ ಅಕ್ಟೋಬರ್‌ನಲ್ಲಿ ಸಭೆಯೇ ಸಾರಿತ್ತು. ಆ ಮಾತು ನಂಬಿ ನವೆಂಬರ್‌ನಲ್ಲಿ ಮನೆಯಲ್ಲೇ ಉಳಿದ ಡೆಮಾಕ್ರಟನ ತಪ್ಪೇನು? ಜುಲೈನಲ್ಲಿ ಗವರ್ನರ್ ಮಾತು ನಂಬಿದವನಿಗೆ ಮೋಸವಾಗಿತ್ತು, ನವೆಂಬರ್‌ನಲ್ಲಿ ಸಭೆಯ ಮಾತು ನಂಬಿದವನಿಗೆ. ಎರಡೂ ಚುನಾವಣೆಯಲ್ಲಿ ಒಂದು ಕಡೆಯವರು ಪೂರ್ತಿ ಆಡಿರಲಿಲ್ಲ.

ಇಲ್ಲಿ ಒಂದು ಗಂಟು ಬಿಚ್ಚದೆ ಹಾಗೇ ಉಳಿಯಿತು. ಜುಲೈ ಆಯ್ಕೆ ಲೆಕ್ಕಕ್ಕಿಲ್ಲ, ನವೆಂಬರ್ ಆಯ್ಕೆಯೂ ಲೆಕ್ಕಕ್ಕಿಲ್ಲ ಅಂದಮೇಲೆ ಕುರ್ಚಿ ಯಾವತ್ತಿನಿಂದ ಖಾಲಿ? ಜುಲೈನದು ಮೊದಲಿಂದಲೇ ಊರ್ಜಿತವಲ್ಲ ಅಂದುಕೊಂಡರೆ 1837ರ ಮಾರ್ಚ್ 4ರಿಂದ. ಅಂದರೆ ಲಿಂಚ್ ತುಂಬಲು ಹೊರಟದ್ದೂ ಇದೇ ಖಾಲಿ ಜಾಗವನ್ನು. ಅದನ್ನು ತುಂಬಲು ಗವರ್ನರ್‌ಗೆ ಅಧಿಕಾರವಿಲ್ಲ ಅನ್ನುವುದಾದರೆ ಈಗ ಮತ್ತೆ ಯಾರು ಆದೇಶ ಹೊರಡಿಸಬೇಕು? ಗವರ್ನರೇ. ಅಷ್ಟರಲ್ಲಿ ಲಿಂಚ್ ಅವಧಿ ಮುಗಿದು ಡೆಮಾಕ್ರಟರ ಅಲೆಕ್ಸಾಂಡರ್ ಮ್ಯಾಕ್‌ನಟ್ ಆ ಹುದ್ದೆಗೆ ಬಂದಿದ್ದರು. ಏಪ್ರಿಲ್‌ನಲ್ಲಿ ಉಪಚುನಾವಣೆ ಅಂತ ಗೊತ್ತಾಯಿತು. ಅದೇ ಸಂವಿಧಾನದ ಅದೇ ವಾಕ್ಯ, ಅದೇ ಕುರ್ಚಿ. ನವೆಂಬರ್ ತನಕ ಮಾತ್ರ ಅನ್ನುವ ಬಾಲ ಈ ಸಲ ಇರಲಿಲ್ಲ, ಅಷ್ಟೇ.

ಸಭೆಯೂ ಸುಮ್ನೆ ಕೂತಿರಲಿಲ್ಲ. ಫೆಬ್ರವರಿ 24ರಂದು ಮೇನ್ ರಾಜ್ಯದ ಸದಸ್ಯ ಜೊನಾಥನ್ ಸಿಲ್ಲಿ, ಕೆಂಟಕಿಯ ಸದಸ್ಯ ವಿಲಿಯಂ ಗ್ರೇವ್ಸ್ ಜೊತೆ ರೈಫಲ್ ಹಿಡಿದು ದ್ವಂದ್ವಯುದ್ಧಕ್ಕೆ ನಿಂತು ಸತ್ತರು. ಸಿಲ್ಲಿ ಕೂಡ ಬೌಡಿನ್ ಕಾಲೇಜಿನವರು, ಪ್ರೆಂಟಿಸ್‌ಗಿಂತ ಒಂದು ವರ್ಷ ಮುಂದೆ. ಅವರ ಜಾಗಕ್ಕೂ ಉಪಚುನಾವಣೆಯಾಗಿ ಏಪ್ರಿಲ್ ಕೊನೆಗೆ ವಿಗ್ ಪಕ್ಷದ ಎಡ್ವರ್ಡ್ ರಾಬಿನ್ಸನ್ ಆಯ್ಕೆಯಾದರು. ಅಲ್ಲಿ ಯಾರೂ ಖಾಲಿ ಅಂದರೇನು ಅಂತ ಕೇಳಲಿಲ್ಲ.

ಮಿಸಿಸಿಪ್ಪಿಯಲ್ಲಿ ಏಪ್ರಿಲ್ 23 ಮತ್ತು 24ರಂದು ಮೂರನೇ ಸಲ ಮತದಾನವಾಯಿತು. ಪ್ರೆಂಟಿಸ್ ಮತ್ತು ವರ್ಡ್ ಗೆದ್ದರು. ವಾಷಿಂಗ್ಟನ್‌ಗೆ ಮತ್ತೆ ಅಷ್ಟು ದೂರದ ಪ್ರಯಾಣ. ಮೇ 30ರಂದು ಇಬ್ಬರೂ ಕುರ್ಚಿಯಲ್ಲಿ ಕೂತರು. ಆ ಹೊತ್ತಿಗೆ ಎರಡು ವರ್ಷದ ಅವಧಿಯಲ್ಲಿ ಸುಮಾರು ಹದಿನೈದು ತಿಂಗಳು ಕಳೆದಿತ್ತು.

ಗೋಲ್ಸನ್‌ರನ್ನು ವ್ಯಾನ್ ಬ್ಯೂರೆನ್ 1839ರಲ್ಲಿ ಮಿಸಿಸಿಪ್ಪಿಯ ಫೆಡರಲ್ ನ್ಯಾಯಾಧೀಶರನ್ನಾಗಿ ಮಾಡಿದರು. 1861ರ ತನಕ ಅವರು ಅಲ್ಲೇ ಇದ್ದರು. ಕ್ಲೇಬೋರ್ನ್ ಪತ್ರಿಕೆಯ ಕಡೆ ಹೊರಳಿ, ಮುಪ್ಪಿನಲ್ಲಿ ಮಿಸಿಸಿಪ್ಪಿಯ ಇತಿಹಾಸ ಬರೆದರು. ಪ್ರೆಂಟಿಸ್ ಮತ್ತೆ ಕಾಂಗ್ರೆಸ್ಸಿಗೆ ಹೋಗಲಿಲ್ಲ. ನ್ಯೂ ಆರ್ಲಿಯನ್ಸ್‌ಗೆ ಮನೆ ಬದಲಿಸಿ, 1850ರಲ್ಲಿ 41ನೇ ವಯಸ್ಸಿಗೆ ತೀರಿಕೊಂಡರು.

1839ರ ಮಾರ್ಚ್ 3ಕ್ಕೆ ಅವರ ಅವಧಿ ಮುಗಿಯಿತು. ಮಾರ್ಚ್ 4ಕ್ಕೆ ಅದೇ ಎರಡು ಕುರ್ಚಿ ಮತ್ತೆ ಖಾಲಿ. ರಾಜ್ಯದ ಚುನಾವಣೆ ಇನ್ನೂ ನವೆಂಬರ್‌ನಲ್ಲೇ ಇತ್ತು. ಆ ವರ್ಷ ಬೇಸಿಗೆಯಲ್ಲಿ ಯಾರೂ ವಿಶೇಷ ಅಧಿವೇಶನ ಕರೆಯಲಿಲ್ಲ. ನವೆಂಬರ್‌ನಲ್ಲಿ ಇಬ್ಬರು ಡೆಮಾಕ್ರಟರು ಗೆದ್ದರು, ಡಿಸೆಂಬರ್‌ನಲ್ಲಿ ಹೋಗಿ ಕೂತರು. ನಡುವಿನ ಎಂಟು ತಿಂಗಳು ಕುರ್ಚಿ ಖಾಲಿ ಇತ್ತಾ, ಇಲ್ಲವಾ ಅಂತ ಆ ಸಲ ಯಾರೂ ಕೇಳಲಿಲ್ಲ.